ಹಂಡೆ, ಮಣ್ಣಿನ ಜಾಡಿ, ಪ್ಲಾಸ್ಟಿಕ್ ಬಕೆಟ್ಟು: ಮನೆ ಬಿಯರಿನ ಮೂರು ಪಟ್ಟಿಗಳು

ಕಳೆದ ತಿಂಗಳು ನಮ್ಮ ಬಳಗದ ವಾಟ್ಸಾಪಿಗೆ ಒಂದು ಫೋಟೊ ಬಂತು. ಕಳಿಸಿದವನು ನಮ್ಮ ಕಡೆಯ ಹುಡುಗನೇ, ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ಫೋಟೊದಲ್ಲಿ ಮುಚ್ಚಳವಿರುವ ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಒಂದು ಪೈಪು, ಒಂದು ಗಾಜಿನ ಕಡ್ಡಿ, ಬಾಟಲಿಗೆ ಮುಚ್ಚಳ ಒತ್ತುವ ಕೈಯಂತ್ರ. ಕೆಳಗೆ ಒಂದು ಪ್ರಶ್ನೆ: "ಅಣ್ಣಾ, ಮನೇಲೇ ಬಿಯರ್ ಮಾಡೋಕೆ ಹೊಸಬರು ಮೊದಲು ಯಾವ ಸಾಮಾನು ತಗೋಬೇಕು?"

ನಾವು ಓದಿದ್ದು ಪತ್ರಿಕೋದ್ಯಮ. ಬಿಯರ್ ಕಾಯಿಸುವುದು ನಮಗೆ ಗೊತ್ತಿಲ್ಲ. ಆದರೆ ಪ್ರಶ್ನೆ ಬಂದ ಮೇಲೆ ಸುಮ್ಮನಿರುವ ಜಾತಿಯವರೂ ನಾವಲ್ಲ. ಹುಡುಕುತ್ತಾ ಹೋದೆವು. ಹುಡುಕಿದಾಗ ಗೊತ್ತಾಗಿದ್ದೇನೆಂದರೆ, ಇದೇ ಪ್ರಶ್ನೆಗೆ ಸುಮಾರು 200 ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ಹಳ್ಳಿಗಾಡಿನ ಪತ್ರಕರ್ತ ಪಟ್ಟಿ ಮಾಡಿ ಉತ್ತರ ಬರೆದಿದ್ದ. ಆಮೇಲೆ ಅಮೆರಿಕದಲ್ಲಿ ಇನ್ನೊಂದು ಪಟ್ಟಿ ಹುಟ್ಟಿತು, ಅದು ಕಳ್ಳ ಪಟ್ಟಿ. ಮೂರನೆಯದು ಈ ಹುಡುಗ ಕಳಿಸಿದ ಫೋಟೊದಲ್ಲಿರುವ ಪಟ್ಟಿ.

ಈ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮನೆಯಲ್ಲಿ ಯಾವ ಪಾತ್ರೆ ಇರಬೇಕು ಅಂತ ತೀರ್ಮಾನ ಮಾಡಿದ್ದು ಅಡುಗೆ ಮಾಡುವವರಲ್ಲ, ಸರ್ಕಾರದ ಸುಂಕ. ಇವತ್ತಿನ ನಮ್ಮ ಬರಹ ಅದರ ಬಗ್ಗೆ.

ಕಥೆಗೆ ಮೊದಲು ಒಂದು ಮಾತು. ಕುಡಿಯಿರಿ ಅಂತ ಹೇಳುವ ಬರಹ ಇದಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅದರ ಪ್ರಕಾರ ಅಪರಾಧ, ಬಿಯರೂ ಮದ್ಯವೇ. ಆ ಹುಡುಗನಿಗೂ ಮೊದಲು ಇದನ್ನೇ ಹೇಳಿದೆವು.

ರಾಗಿಸರಿ ಗೊತ್ತಿದ್ದರೆ ಅರ್ಧ ಗೊತ್ತು

ಸಾಮಾನಿನ ಕಥೆ ಅರ್ಥವಾಗಬೇಕಾದರೆ ಕೆಲಸ ಏನು ಅಂತ ತಿಳಿಯಬೇಕು. ಅದು ನಮ್ಮ ಮನೆಗಳಿಗೆ ಪೂರ್ತಿ ಹೊಸದೇನಲ್ಲ.

ಮಗುವಿಗೆ ರಾಗಿಸರಿ ಮಾಡುವಾಗ ಅಜ್ಜಿ ಏನು ಮಾಡುತ್ತಾಳೆ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾಳೆ. ಮೊಳಕೆ ಬಂದ ಕಾಳಿಗೆ ತನ್ನೊಳಗಿನ ಹಿಟ್ಟನ್ನು ಸಕ್ಕರೆಯಾಗಿ ಒಡೆಯುವ ಶಕ್ತಿ ಬರುತ್ತದೆ. ಬಾರ್ಲಿಗೆ ಇದೇ ಕೆಲಸ ಮಾಡಿದರೆ ಅದಕ್ಕೆ ಮಾಲ್ಟ್ ಅನ್ನುತ್ತಾರೆ. ನಾವು ರಾಗಿ ಮಾಲ್ಟ್ ಅನ್ನುವ ಮಾತು ಬಂದಿದ್ದೂ ಅಲ್ಲಿಂದಲೇ.

ಆ ಮಾಲ್ಟನ್ನು ತರಿಯಾಗಿ ಒಡೆದು ಸುಮಾರು 65 ಡಿಗ್ರಿ ಬಿಸಿ ನೀರಲ್ಲಿ ಒಂದು ಗಂಟೆ ಬಿಟ್ಟರೆ ನೀರು ಸಿಹಿಯಾಗುತ್ತದೆ. ನೀರು ಕುದಿಯುವಷ್ಟು ಬಿಸಿಯಿದ್ದರೆ ಮೊಳಕೆಯ ಶಕ್ತಿ ಸಾಯುತ್ತದೆ, ತಣ್ಣಗಿದ್ದರೆ ಕೆಲಸವೇ ಆಗುವುದಿಲ್ಲ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಅನ್ನುವ ಬಳ್ಳಿಯ ಕಹಿ ಹೂವು ಹಾಕಿ ಕುದಿಸುತ್ತಾರೆ. ಆರಿಸಿ ಯೀಸ್ಟ್ ಹಾಕುತ್ತಾರೆ. ಒಂದೆರಡು ವಾರದಲ್ಲಿ ಯೀಸ್ಟು ಸಕ್ಕರೆ ತಿಂದು ಮದ್ಯಸಾರವನ್ನೂ ಗ್ಯಾಸನ್ನೂ ಬಿಡುತ್ತದೆ. ದೋಸೆ ಹಿಟ್ಟು ಉಬ್ಬುವುದಕ್ಕೂ ಹೀಗೆ ಹುಟ್ಟುವ ಗ್ಯಾಸೇ ಕಾರಣ.

ಹಾಗಾದರೆ ಬೇಕಾಗುವುದು ನಾಲ್ಕೇ ಕೆಲಸಕ್ಕೆ ಸಾಮಾನು: ಕಾಯಿಸಲು, ನೆನೆಸಿ ಸೋಸಲು, ಹುದುಗಿಸಲು, ತುಂಬಿಡಲು. ಉಳಿದದ್ದೆಲ್ಲ ಅಳತೆಗೆ ಮತ್ತು ಶುದ್ಧಕ್ಕೆ.

ಈ ಕೆಲಸಕ್ಕೆ ಎಷ್ಟು ವಯಸ್ಸು ಅಂತ ಕೇಳಿದರೆ, ಇರಾನಿನ ಗೋದಿನ್ ತೆಪೆ ಅನ್ನುವ ಜಾಗದಲ್ಲಿ 5,000 ವರ್ಷಕ್ಕೂ ಹಿಂದಿನ ಮಣ್ಣಿನ ಗಡಿಗೆ ಸಿಕ್ಕಿದೆ. ಅದರ ಒಳಮೈಯಲ್ಲಿ ಅಡ್ಡಡ್ಡ ಗೀರುಗಳಿದ್ದು, ಗೀರುಗಳೊಳಗೆ ಬಿಯರಿನ ಗಸಿಯಲ್ಲಿ ಬರುವ ಕ್ಯಾಲ್ಸಿಯಂ ಆಕ್ಸಲೇಟ್ ಅಂಟಿಕೊಂಡಿತ್ತು. 1992ರಲ್ಲಿ ವಿಜ್ಞಾನಿಗಳು ಅದನ್ನು ವರದಿ ಮಾಡಿದರು. ಅಂದರೆ ಮೊದಲ ಸಾಮಾನು ಒಂದು ಗಡಿಗೆ, ಅಷ್ಟೆ.

ಮನೆ ಮುಂದೆ ಸೊಪ್ಪಿನ ಕೋಲು

ನಡುಗಾಲದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಈ ಕೆಲಸ ಹೆಂಗಸರದಾಗಿತ್ತು. ರೊಟ್ಟಿ ಸುಡುವುದು, ಬೆಣ್ಣೆ ಕಡೆಯುವುದು, ಏಲ್ ಕಾಯಿಸುವುದು ಮೂರೂ ಮನೆವಾರ್ತೆ. ಏಲ್ ಅಂದರೆ ಹಾಪ್ಸ್ ಹಾಕದ ಹಳೇ ಕಾಲದ ಬಿಯರು. ಅದು ಬೇಗ ಹುಳಿಯಾಗುತ್ತಿತ್ತು. ಹಾಗಾಗಿ ಒಂದು ಮನೆಯಲ್ಲಿ ಕಾಯಿಸಿದ್ದು ಹೆಚ್ಚಾದರೆ ಮನೆ ಮುಂದೆ ಸೊಪ್ಪು ಕಟ್ಟಿದ ಕೋಲು ನಿಲ್ಲಿಸುತ್ತಿದ್ದರು. ಕೋಲು ಕಂಡರೆ ನೆರೆಹೊರೆಯವರು ಚೊಂಬು ಹಿಡಿದು ಬಂದು ಕಾಸು ಕೊಟ್ಟು ತಗೊಂಡು ಹೋಗುತ್ತಿದ್ದರು. ಮುಂದಿನ ವಾರ ಇನ್ನೊಂದು ಮನೆ ಮುಂದೆ ಕೋಲು. ವಿಧವೆಯರಿಗೆ, ಬಡ ಹೆಂಗಸರಿಗೆ ಕೈಗೆ ನಾಲ್ಕು ಕಾಸು ಬರುತ್ತಿದ್ದ ದಾರಿ ಅದು. ಗುಣ ಮತ್ತು ಬೆಲೆ ನೋಡಲು 13ನೇ ಶತಮಾನದಲ್ಲೇ ಕಾನೂನು ಬಂದಿತ್ತು, ರುಚಿ ನೋಡಿ ಒಪ್ಪಿಗೆ ಕೊಡುವ ಅಧಿಕಾರಿಯೂ ಇದ್ದ.

15ನೇ ಶತಮಾನದ ಹೊತ್ತಿಗೆ ಹಾಲೆಂಡ್, ಬೆಲ್ಜಿಯಂ ಕಡೆಯಿಂದ ಹಾಪ್ಸ್ ಹಾಕಿದ ಬಿಯರು ಇಂಗ್ಲೆಂಡಿಗೆ ಬಂತು. ಹಾಪ್ಸ್ ಕಹಿ ಕೊಡುವುದಷ್ಟೇ ಅಲ್ಲ, ಕೆಡದಂತೆ ಕಾಯುತ್ತದೆ. ಕೆಡದ ಸರಕನ್ನು ದೂರ ಸಾಗಿಸಬಹುದು. ದೂರ ಸಾಗಿಸಬಹುದಾದರೆ ದೊಡ್ಡದಾಗಿ ಮಾಡಬಹುದು. ದೊಡ್ಡದಾಗಿ ಮಾಡಲು ದೊಡ್ಡ ತಾಮ್ರದ ಹಂಡೆ, ದೊಡ್ಡ ಬಂಡವಾಳ, ಸಾಲ, ಕೂಲಿಯಾಳು ಬೇಕು. ಆ ಕಾಲದ ಹೆಂಗಸರಿಗೆ ಸಾಲ ಹುಟ್ಟುತ್ತಿರಲಿಲ್ಲ. ನೂರಿನ್ನೂರು ವರ್ಷದಲ್ಲಿ ಕಸುಬು ಹೆಂಗಸರ ಕೈಯಿಂದ ಜಾರಿ ಗಂಡಸರ ಕಾರ್ಖಾನೆಗೆ ಹೋಯಿತು. ಜುಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ 1996ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಮಾರುವ ಕಸುಬು ಹೋದರೂ ಮನೆಬಳಕೆಗೆ ಕಾಯಿಸುವುದು ಮಾತ್ರ ಹಳ್ಳಿಗಳಲ್ಲಿ ಉಳಿದುಕೊಂಡಿತ್ತು. ಅದಕ್ಕೆ ಕಲ್ಲು ಬಿದ್ದಿದ್ದು ಸುಂಕದಿಂದ.

ಮೊದಲ ಪಟ್ಟಿ: 1821

ಇಂಗ್ಲೆಂಡ್ 1697ರಲ್ಲಿ ಮಾಲ್ಟಿನ ಮೇಲೆ ಸುಂಕ ಹಾಕಿತು. ಫ್ರಾನ್ಸಿನ ಜೊತೆ ಯುದ್ಧ ನಡೆದಾಗಲೆಲ್ಲ ಅದು ಏರಿತು. ಹಾಪ್ಸಿನ ಮೇಲೂ ಸುಂಕ. ತನ್ನ ಹೊಲದಲ್ಲಿ ಬಾರ್ಲಿ ಬೆಳೆದವನೂ ಅದನ್ನು ಮೊಳಕೆ ಬರಿಸಿದರೆ ಸುಂಕ ಕಟ್ಟಬೇಕು. ಅದೇ ಹೊತ್ತಿಗೆ ಊರ ಗೋಮಾಳ, ಕಾವಲುಗಳಿಗೆ ಜಮೀನ್ದಾರರು ಬೇಲಿ ಹಾಕುತ್ತಾ ಬಂದರು. ಬಡವನಿಗೆ ಉಚಿತವಾಗಿ ಸಿಗುತ್ತಿದ್ದ ಸೌದೆಯೂ ಹೋಯಿತು. ಹಂಡೆ ಕಾಯಿಸಲು ಸೌದೆ ಇಲ್ಲ, ಹಂಡೆಗೆ ಹಾಕಲು ಮಾಲ್ಟ್ ಕೊಳ್ಳುವಂತಿಲ್ಲ.

ಈ ಹೊತ್ತಲ್ಲಿ ಬರುವವನು ವಿಲಿಯಂ ಕಾಬೆಟ್. ಇವನ ಬಗ್ಗೆ ಓದುವಾಗ ನಮಗೆ ನಮ್ಮವನೇ ಅನ್ನಿಸಿತು. ಸರ್ರೆ ಜಿಲ್ಲೆಯ ಫಾರ್ನ್‌ಹ್ಯಾಮ್‌ನಲ್ಲಿ ಹುಟ್ಟಿ, ಹೊಲದಲ್ಲಿ ಹಕ್ಕಿ ಓಡಿಸುತ್ತಾ ಬೆಳೆದವನು. ಆಮೇಲೆ ಸ್ವಂತ ವಾರಪತ್ರಿಕೆ ನಡೆಸಿದ. ಸಿಪಾಯಿಗಳಿಗೆ ಚಾಟಿಯೇಟು ಕೊಟ್ಟಿದ್ದನ್ನು ಖಂಡಿಸಿ ಬರೆದದ್ದಕ್ಕೆ 1810ರಲ್ಲಿ ಎರಡು ವರ್ಷ ಜೈಲಾಯಿತು. ಕುದುರೆ ಹತ್ತಿ ಹಳ್ಳಿ ಹಳ್ಳಿ ಸುತ್ತಿ, ಕೂಲಿಗಳು ಏನು ತಿನ್ನುತ್ತಾರೆ, ಯಾರ ಮನೆ ಸೋರುತ್ತದೆ ಅಂತ ಬರೆದ.

ಕಾಬೆಟ್ 1821ರಲ್ಲಿ 'ಕಾಟೇಜ್ ಎಕಾನಮಿ' ಅನ್ನುವ ಮಾಲೆ ಶುರು ಮಾಡಿದ. ಕೂಲಿಕಾರರ ಸಂಸಾರ ಹೇಗೆ ತನ್ನ ಕಾಲ ಮೇಲೆ ನಿಲ್ಲಬಹುದು ಅನ್ನುವುದು ಅದರ ವಿಷಯ. ರೊಟ್ಟಿ ಸುಡುವುದು, ಹಸು, ಹಂದಿ, ಜೇನು ಸಾಕುವುದು ಎಲ್ಲ ಅದರಲ್ಲಿದೆ. ಆದರೆ ಮೊಟ್ಟಮೊದಲು ಅವನು ಬರೆದದ್ದು ಬಿಯರ್ ಕಾಯಿಸುವುದರ ಬಗ್ಗೆ. ಅವನ ದೂರು ಇದು: ನಲವತ್ತು ವರ್ಷದ ಹಿಂದೆ ಹಳ್ಳಿಯಲ್ಲಿ ಸ್ವಂತ ಬಿಯರ್ ಕಾಯಿಸದ ಕೂಲಿಯವನೇ ಇರಲಿಲ್ಲ, ಈಗ ಹುಡುಕಿದರೂ ಸಿಗುವುದಿಲ್ಲ. ಸುಂಕ ಅದನ್ನು ಕೊಂದಿದೆ. ಬದಲಿಗೆ ಹೆಂಗಸರು ಚಹಾಕ್ಕೆ ದುಡ್ಡು ಸುರಿಯುತ್ತಿದ್ದಾರೆ, ಗಂಡಸರು ಪೇಟೆಯ ಹೆಂಡದಂಗಡಿಗೆ ಹೋಗುತ್ತಿದ್ದಾರೆ. ಚಹಾದ ಮೇಲೆ ಅವನಿಗೆ ಎಷ್ಟು ಸಿಟ್ಟೆಂದರೆ, ಒಂದು ಸಂಸಾರಕ್ಕೆ ವರ್ಷಕ್ಕೆ ಚಹಾದ ಖರ್ಚೆಷ್ಟು, ಬಿಯರಿನ ಖರ್ಚೆಷ್ಟು ಅಂತ ಲೆಕ್ಕ ಹಾಕಿ ತೋರಿಸಿದ್ದಾನೆ.

ಆಮೇಲೆ ಸಾಮಾನಿನ ಪಟ್ಟಿ. 40 ಗ್ಯಾಲನ್ನಿನ ತಾಮ್ರದ ಹಂಡೆ. 60 ಗ್ಯಾಲನ್ನಿನ ಮರದ ತೊಟ್ಟಿ, ಮಾಲ್ಟ್ ನೆನೆಸಲು. ಅದರ ಕೆಳಗಿಡಲು ಅಗಲ ಬಾಯಿಯ ಬಾನಿ, ಸೋಸಿದ ನೀರು ಬೀಳಲು. ಹುದುಗಿಸಲು 30 ಗ್ಯಾಲನ್ನಿನ ಇನ್ನೊಂದು ತೊಟ್ಟಿ. ಆರಿಸಲು ಒಂದೆರಡು ಅಗಲದ ತೊಟ್ಟಿಗಳು. ತುಂಬಿಡಲು ಪೀಪಾಯಿಗಳು.

ನಮ್ಮ ಲೆಕ್ಕಕ್ಕೆ ಹೇಳುವುದಾದರೆ, ಆ ಹಂಡೆಗೆ ಸುಮಾರು 180 ಲೀಟರ್. ಡೈರಿಗೆ ಹಾಕುವ 40 ಲೀಟರಿನ ಹಾಲಿನ ಕ್ಯಾನು ನಾಲ್ಕೂವರೆ ಹಿಡಿಯುವಷ್ಟು. ಇಷ್ಟು ದೊಡ್ಡದು ಯಾಕೆ? ಆಗ ಬಿಯರು ಹಬ್ಬದ ದಿನದ್ದಲ್ಲ. ಮನೆಮಂದಿಯೆಲ್ಲ ಊಟದ ಜೊತೆ ತೆಳು ಬಿಯರನ್ನು ಕುಡಿಯುತ್ತಿದ್ದರು. ಒಂದೇ ಮಾಲ್ಟಿಗೆ ಮೊದಲ ಸಲ ನೀರು ಹಾಕಿ ತೆಗೆದದ್ದು ಗಟ್ಟಿ ಏಲ್, ಎರಡನೇ ಸಲ ನೀರು ಹಾಕಿ ತೆಗೆದದ್ದು ತೆಳು ಬಿಯರು. ಕಾಯಿಗೆ ನೀರು ಹಾಕಿ ಎರಡನೇ ಹಾಲು ಹಿಂಡುತ್ತೇವಲ್ಲ, ಹಾಗೆ.

ಪಟ್ಟಿಯಲ್ಲಿ ಇಲ್ಲದ ಸಾಮಾನನ್ನೂ ಗಮನಿಸಬೇಕು. ಥರ್ಮಾಮೀಟರ್ ಇದ್ದರೆ ನೀರು 170 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಅಂದರೆ ನಮ್ಮ 77 ಡಿಗ್ರಿ, ಅನ್ನುತ್ತಾನೆ ಕಾಬೆಟ್. ಇಲ್ಲದವರು ಏನು ಮಾಡಬೇಕು? ಕುದಿ ನೀರನ್ನು ತೊಟ್ಟಿಗೆ ಸುರಿದು ಕಾಯಬೇಕು. ಹಬೆ ತೆಳುವಾಗಿ, ನೀರಲ್ಲಿ ನಿಮ್ಮ ಮುಖ ನಿಚ್ಚಳವಾಗಿ ಕಂಡಾಗ ಮಾಲ್ಟ್ ಹಾಕಬೇಕು. ನಮಗೆ ಇಡೀ ಪುಸ್ತಕದಲ್ಲಿ ಹೆಚ್ಚು ಹಿಡಿಸಿದ್ದು ಈ ಮಾತು. ಕಾಸಿಲ್ಲದ ಮನೆಗೂ ಒಂದು ಅಳತೆ ಇದೆ, ಅದು ನಿನ್ನ ಮುಖವೇ.

ಪಟ್ಟಿ ಏನೋ ಆಯಿತು, ಫಲ ಸಿಗಲಿಲ್ಲ. ವಾರದ ಕೂಲಿಯಲ್ಲಿ ಹೊಟ್ಟೆ ತುಂಬದವನು ತಾಮ್ರದ ಹಂಡೆ ಎಲ್ಲಿಂದ ತಂದಾನು? 1830ರಲ್ಲಿ ಸರ್ಕಾರ ಬಿಯರಿನ ಮೇಲಿನ ಸುಂಕ ತೆಗೆದು, ಎರಡು ಗಿನಿ ಕಟ್ಟಿದರೆ ಸಾಕು ತೆರಿಗೆದಾರ ಯಾರು ಬೇಕಾದರೂ ಬಿಯರ್ ಅಂಗಡಿ ಇಡಬಹುದು ಅಂದಿತು. ಮಾಲ್ಟಿನ ಸುಂಕ ಮಾತ್ರ ಹಾಗೇ ಇಟ್ಟಿತು. ಸಾವಿರಾರು ಅಂಗಡಿಗಳು ಎದ್ದವು. ಮನೆಯಲ್ಲಿ ಕಾಯಿಸುವವನ ಹೊರೆ ಇಳಿಯಲಿಲ್ಲ, ಅಂಗಡಿ ಮಾತ್ರ ಮನೆ ಬಾಗಿಲಿಗೆ ಬಂತು. ಕಾಬೆಟ್ 1832ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದ, 1835ರಲ್ಲಿ ತೀರಿಕೊಂಡ. ಮಾಲ್ಟ್ ಸುಂಕ ಹೋಗುವುದನ್ನು ಅವನು ನೋಡಲಿಲ್ಲ.

ಅದು ಹೋಗಿದ್ದು 1880ರಲ್ಲಿ, ಗ್ಲಾಡ್‌ಸ್ಟನ್ ಕಾಲದಲ್ಲಿ. ಸುಂಕ ಮಾಲ್ಟಿನಿಂದ ಬಿಯರಿಗೆ ವರ್ಗವಾಯಿತು. ಆದರೆ ಅದರ ಜೊತೆಗೆ ಒಂದು ಕೊಕ್ಕೆ: ಮನೆಬಳಕೆಗೆ ಕಾಯಿಸುವವರೂ ಇನ್ನು ಮುಂದೆ ಲೈಸೆನ್ಸ್ ಪಡೆಯಬೇಕು.

ಡೈರಿಯ ಕಡ್ಡಿ, ಬಿಯರಿನ ಕಡ್ಡಿ

ಇಲ್ಲಿ ಫೋಟೊದಲ್ಲಿದ್ದ ಗಾಜಿನ ಕಡ್ಡಿಯ ಕಥೆ ಹೇಳಿಬಿಡೋಣ. ಹಾಲಿನ ಡೈರಿಯಲ್ಲಿ ಸೆಕ್ರೆಟರಿ ಹಾಲಿಗೆ ಒಂದು ಕಡ್ಡಿ ಬಿಟ್ಟು, ನೀರು ಬೆರೆಸಿದ್ದೀರಾ ಅಂತ ನೋಡುತ್ತಾರಲ್ಲ, ಲ್ಯಾಕ್ಟೋಮೀಟರ್. ಬಿಯರಿನ ಹೈಡ್ರೋಮೀಟರ್ ಅದರ ಅಣ್ಣ. ದ್ರವ ಗಟ್ಟಿಯಿದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ.

ಬರೀ ನೀರಲ್ಲಿ ಅದು 1.000 ತೋರಿಸುತ್ತದೆ. ಸಿಹಿ ನೀರಲ್ಲಿ 1.045 ತೋರಿಸಿತು ಅನ್ನಿ. ಯೀಸ್ಟು ಸಕ್ಕರೆ ತಿಂದು ಮುಗಿಸಿದಾಗ 1.010ಕ್ಕೆ ಇಳಿಯುತ್ತದೆ. ನಡುವಿನ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರ ಎಷ್ಟು ಅಂತ ಸಿಗುತ್ತದೆ. ಇಲ್ಲಿ ಸುಮಾರು ಶೇ. 4.6.

ಈ ಅಳತೆಗಳು ಮೊದಲು ಬಂದದ್ದು ಕಾರ್ಖಾನೆಗೆ. ಮೈಕೆಲ್ ಕಂಬ್ರೂನ್ ಎಂಬಾತ 1758ರಲ್ಲೇ ಥರ್ಮಾಮೀಟರ್ ಹಿಡಿದು ಬಿಯರ್ ಕಾಯಿಸುವ ಬಗ್ಗೆ ಬರೆದ. ಹಲ್ ಊರಿನ ಜಾನ್ ರಿಚರ್ಡ್‌ಸನ್ 1784ರಲ್ಲಿ ಹೈಡ್ರೋಮೀಟರಿನ ಲೆಕ್ಕ ಪ್ರಕಟಿಸಿದ. ಒಂದು ಮೂಟೆ ಮಾಲ್ಟಿನಿಂದ ಎಷ್ಟು ಸಕ್ಕರೆ ಬಂತು ಅಂತ ಕಾರ್ಖಾನೆಯವನಿಗೆ ಈಗ ಗೊತ್ತು. ಸರ್ಕಾರಕ್ಕೂ ಗೊತ್ತು. 1880ರ ನಂತರ ಸುಂಕದವರು ಈ ಕಡ್ಡಿ ಬಿಟ್ಟೇ ಬಿಯರಿನ ತೆರಿಗೆ ಲೆಕ್ಕ ಹಾಕಿದರು. ಡೈರಿಯಲ್ಲಿ ಕಡ್ಡಿ ಸೆಕ್ರೆಟರಿ ಕೈಯಲ್ಲಿರುತ್ತದೆ, ಹಾಲು ಹಾಕುವವರ ಕೈಯಲ್ಲಲ್ಲ. ಹಾಗೇ ಇದೂ.

ವಿಜ್ಞಾನವೂ ಕಾರ್ಖಾನೆಯ ಹಿಂದೆಯೇ ನಡೆಯಿತು. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಮೇಲೆ ಪುಸ್ತಕ ಬರೆದು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹೇಗೆ ಅದನ್ನು ಕೆಡಿಸುತ್ತವೆ ಅಂತ ತೋರಿಸಿದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಜಾತಿಯ ಶುದ್ಧ ಯೀಸ್ಟು ಬೆಳೆಸಿದ. ಪಾತ್ರೆ ತೊಳೆಯುವುದೇ ಅರ್ಧ ಕೆಲಸ ಅಂತ ಮನೆಯಲ್ಲಿ ಕಾಯಿಸುವವರು ಇವತ್ತು ಹೇಳುವುದರ ಬೇರು ಇಲ್ಲಿದೆ.

ಎರಡನೇ ಪಟ್ಟಿ: 1920

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿ 1920ರಿಂದ 1933ರವರೆಗೆ ಇಡೀ ದೇಶಕ್ಕೆ ಪಾನನಿಷೇಧ. ಅದು ಸುಮ್ಮನೆ ಬಂದದ್ದಲ್ಲ. ಗಂಡಸರು ಸಂಬಳವನ್ನೆಲ್ಲ ಸಲೂನ್ ಎಂಬ ಹೆಂಡದಂಗಡಿಗೆ ಸುರಿದು ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು. ಹೆಂಗಸರು 1874ರಲ್ಲಿ ಸಂಘ ಕಟ್ಟಿ ದಶಕಗಟ್ಟಲೆ ಹೋರಾಡಿದ್ದರು. ನಮ್ಮ ಹಳ್ಳಿಗಳ ಸಾರಾಯಿ ವಿರೋಧಿ ಹೋರಾಟ ಕಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಬಿಯರ್ ಕಂಪನಿಗಳು ಬಾಗಿಲು ಹಾಕಿದವು. ಕೆಲವು ಬೇರೆ ದಾರಿ ಕಂಡುಕೊಂಡವು. ಮಾಲ್ಟಿನ ಸಿಹಿ ನೀರನ್ನು ಕಾಕಂಬಿಯಷ್ಟು ಗಟ್ಟಿ ಮಾಡಿ ಡಬ್ಬಿಗೆ ತುಂಬಿ ದಿನಸಿ ಅಂಗಡಿಗೆ ಕಳಿಸಿದವು. ಆನ್‌ಹೈಸರ್ ಬುಶ್, ಪಾಬ್ಸ್ಟ್ ಅಂಥ ದೊಡ್ಡ ಹೆಸರುಗಳೇ ಇದನ್ನು ಮಾರಿದವು. ರೊಟ್ಟಿ, ಬಿಸ್ಕತ್ತು ಮಾಡಲು ಅಂತ ಹೇಳಿಕೆ. ಯಾತಕ್ಕೆ ಅಂತ ಕೊಳ್ಳುವವರಿಗೂ ಗೊತ್ತು, ಮಾರುವವರಿಗೂ ಗೊತ್ತು.

ಹಾಗಾಗಿ ಎರಡನೇ ಪಟ್ಟಿ ಬಲು ಚಿಕ್ಕದು. ಉಪ್ಪಿನಕಾಯಿ ಹಾಕುವಂಥ ದೊಡ್ಡ ಮಣ್ಣಿನ ಜಾಡಿ. ಒಂದು ಡಬ್ಬಿ ಮಾಲ್ಟ್ ಸಿರಪ್, ಸಕ್ಕರೆ, ರೊಟ್ಟಿಗೆ ಹಾಕುವ ಯೀಸ್ಟು. ಒಂದು ರಬ್ಬರ್ ಪೈಪು. ಹಳೇ ಬಾಟಲಿಗಳು, ತಗಡಿನ ಮುಚ್ಚಳ, ಮುಚ್ಚಳ ಒತ್ತುವ ಯಂತ್ರ. ಸೋಡಾ ಬಾಟಲಿಗೆ ಇವತ್ತೂ ಇರುವ ಆ ಅಂಚು ಮಡಿಚಿದ ಮುಚ್ಚಳಕ್ಕೆ ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದಿದ್ದ. ತಾಮ್ರದ ಹಂಡೆ ಇಲ್ಲ, ನೆನೆಸುವ ತೊಟ್ಟಿ ಇಲ್ಲ, ಸೋಸುವ ಬಾನಿ ಇಲ್ಲ. ಪೊಲೀಸರು ಬಂದರೆ ಬಚ್ಚಿಡುವಷ್ಟೇ ಸಾಮಾನು.

ಕಳ್ಳತನದ ಕೆಲಸಕ್ಕೆ ಕಲಿಸುವವರು ಇರುವುದಿಲ್ಲ. ಹೈಡ್ರೋಮೀಟರ್ ಇಲ್ಲದೆ, ಯೀಸ್ಟು ಸಕ್ಕರೆ ಮುಗಿಸುವ ಮೊದಲೇ ಬಾಟಲಿಗೆ ತುಂಬಿ ಮುಚ್ಚಳ ಒತ್ತುತ್ತಿದ್ದರು. ಒಳಗೆ ಗ್ಯಾಸ್ ಕೂಡಿ ನಡುರಾತ್ರಿ ನೆಲಮಾಳಿಗೆಯಲ್ಲಿ ಬಾಟಲಿಗಳು ಪಟಾಕಿಯಂತೆ ಸಿಡಿಯುತ್ತಿದ್ದವು. ಒಂದು ಗಾಜಿನ ಕಡ್ಡಿ ಇದ್ದಿದ್ದರೆ ಎಷ್ಟೋ ಕೈ, ಕಣ್ಣು ಉಳಿಯುತ್ತಿದ್ದವು.

1933ರಲ್ಲಿ ನಿಷೇಧ ಹೋಯಿತು. ಮನೆಯಲ್ಲಿ ವೈನ್ ಮಾಡಬಹುದು ಅಂತ ಕಾನೂನಾಯಿತು. ಬಿಯರನ್ನು ಮಾತ್ರ ಬಿಟ್ಟರು. ಹೀಗಾಗಿ ಮನೆಯಲ್ಲಿ ಬಿಯರ್ ಮಾಡುವುದು ಇನ್ನೂ 45 ವರ್ಷ ಅಪರಾಧವಾಗಿಯೇ ಉಳಿಯಿತು.

ಮೂರನೇ ಪಟ್ಟಿ: 1963 ಮತ್ತು 1978

ಇಂಗ್ಲೆಂಡಿನಲ್ಲಿ ಬಾಗಿಲು ತೆರೆದದ್ದು 1963ರ ಬಜೆಟ್ಟಿನಲ್ಲಿ. ಹಣಕಾಸು ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ 1880ರ ಆ ಲೈಸೆನ್ಸನ್ನು ತೆಗೆದುಹಾಕಿದರು. ಮನೆಬಳಕೆಗೆ ಎಷ್ಟು ಬೇಕಾದರೂ ಮಾಡಿಕೊಳ್ಳಿ, ಮಾರಬೇಡಿ, ಇಷ್ಟೇ ನಿಯಮ. ಅದೇ ವರ್ಷ ಸಿ. ಜೆ. ಜೆ. ಬೆರ್ರಿ ಅನ್ನುವವರ ಮನೆ ಬಿಯರಿನ ಪುಸ್ತಕ ಬಂತು. ಕಾಬೆಟ್ ನಂತರ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದು, ಕೂಲಿಯವನ ಅಡುಗೆಮನೆಗೆ ಪಟ್ಟಿ ಮತ್ತೆ ಬಂತು.

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಸೆನೆಟರ್ ಅಲನ್ ಕ್ರಾನ್‌ಸ್ಟನ್ ತಿದ್ದುಪಡಿ ತಂದರು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದರು. ಕಡಲೆಕಾಯಿ ಬೆಳೆಯುತ್ತಿದ್ದ ರೈತ ಈ ಕಾರ್ಟರ್. ವಯಸ್ಕ ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಒಂದು ಮನೆಗೆ ಹೆಚ್ಚೆಂದರೆ 200 ಗ್ಯಾಲನ್. ಆದರೂ ರಾಜ್ಯಗಳು ತಮ್ಮ ಕಾನೂನು ಬದಲಿಸಬೇಕಿತ್ತು. ಕೊನೆಯ ಎರಡು ರಾಜ್ಯ, ಮಿಸಿಸಿಪಿ ಮತ್ತು ಅಲಬಾಮಾ, ಒಪ್ಪಿದ್ದು 2013ರಲ್ಲಿ.

ಈ ಹೊತ್ತಿಗೆ ಪ್ಲಾಸ್ಟಿಕ್ ಬಂದಿತ್ತು. ಮೂರನೇ ಪಟ್ಟಿ ಸಾಧ್ಯವಾದದ್ದು ಅದರಿಂದ. ಆಹಾರಕ್ಕೆ ಬಳಸಬಹುದಾದ ಪ್ಲಾಸ್ಟಿಕ್ಕಿನ ಬಕೆಟ್ಟು, ಸುಮಾರು 25 ಲೀಟರ್. ಅದರ ಮುಚ್ಚಳಕ್ಕೆ ಏರ್‌ಲಾಕ್ ಅನ್ನುವ ಪುಟ್ಟ ನೀರಿನ ಬುರುಡೆ. ಒಳಗಿನ ಗ್ಯಾಸ್ ನೀರು ದಾಟಿ ಗುಳುಗುಳು ಅಂತ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಅಡುಗೆಮನೆಯ ದೊಡ್ಡ ಸ್ಟೀಲ್ ಪಾತ್ರೆ. ಪೈಪು, ಥರ್ಮಾಮೀಟರು, ಹೈಡ್ರೋಮೀಟರು, ಮುಚ್ಚಳ ಒತ್ತುವ ಯಂತ್ರ. ಪಾತ್ರೆ ಶುದ್ಧ ಮಾಡುವ ಪುಡಿ.

ಹೊಸಬರು ತಪ್ಪುವುದು ಎಲ್ಲಿ ಅಂತಲೂ ಆಗಲೇ ಗೊತ್ತಾಗಿತ್ತು. ಕೆಲವರು ಬಕೆಟ್ಟಿನ ಬದಲು ಕಾರ್ಬಾಯ್ ಅನ್ನುವ ದೊಡ್ಡ ಗಾಜಿನ ಬುದ್ದಲಿ ಕೊಳ್ಳುತ್ತಿದ್ದರು. ಕಾರ್ಬಾಯ್ ಅನ್ನುವ ಹೆಸರು ಪಾರ್ಸಿಯ ಕರಾಬಾ ಎಂಬ ಮಾತಿನಿಂದ ಬಂದದ್ದು. ಗಾಜು ನೋಡಲು ಚೆಂದ, ಒಳಗಿನದ್ದು ಕಾಣುತ್ತದೆ, ಗೀರು ಬೀಳುವುದಿಲ್ಲ. ಆದರೆ ತುಂಬಿದ ಬುದ್ದಲಿ 20 ಕೆಜಿ ಮೇಲಿರುತ್ತದೆ. ಒದ್ದೆ ಕೈಯಿಂದ ಜಾರಿದರೆ ಕೈ ಕಾಲು ಸೀಳುತ್ತದೆ. ಪ್ಲಾಸ್ಟಿಕ್ಕಿಗೆ ಬೇರೆ ಕಾಯಿಲೆ: ಗೀರು ಬಿದ್ದರೆ ಗೀರೊಳಗೆ ಹುಳಿ ಮಾಡುವ ಜೀವಿಗಳು ಕೂರುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಗೋದಿನ್ ತೆಪೆಯ ಗಡಿಗೆಯ ಗೀರು ನೆನಪಾಯಿತೇ? 5,000 ವರ್ಷ ಕಳೆದರೂ ಪಾತ್ರೆಯ ಗುಣ ಒಂದೇ.

ಈ ಪುಟ್ಟ ಸಾಮಾನಿನಿಂದ ದೊಡ್ಡದೂ ಹುಟ್ಟಿತು. ಕೆನ್ ಗ್ರಾಸ್‌ಮನ್ ಎಂಬಾತ 1976ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಊರಲ್ಲಿ ಮನೆ ಬಿಯರಿನ ಸಾಮಾನು ಮಾರುವ ಅಂಗಡಿ ಇಟ್ಟ. ಆಮೇಲೆ ಗುಜರಿಗೆ ಹೋಗುತ್ತಿದ್ದ ಹಾಲಿನ ಡೈರಿ ಟ್ಯಾಂಕುಗಳನ್ನು ತಂದು, ವೆಲ್ಡಿಂಗ್ ಮಾಡಿ ಸಿಯೆರಾ ನೆವಾಡಾ ಅನ್ನುವ ಕಾರ್ಖಾನೆ ಕಟ್ಟಿದ. ಜಾಕ್ ಮೆಕಾಲಿಫ್ 1976ರಲ್ಲಿ ನ್ಯೂ ಆಲ್ಬಿಯನ್ ಕಟ್ಟಿದ್ದು ಕೋಕಾ ಕೋಲಾ ಸಿರಪ್ ತುಂಬಿ ಬಂದಿದ್ದ ಹಳೇ ಡ್ರಮ್ಮುಗಳಿಂದ. ಇವತ್ತು ಬೆಂಗಳೂರಲ್ಲಿ ಕಾಣುವ ಸಣ್ಣ ಬಿಯರ್ ಕಾರ್ಖಾನೆಗಳ ಬಗೆಗೂ ಈ ಹಳೇ ಡ್ರಮ್ಮು, ಹಾಲಿನ ಟ್ಯಾಂಕುಗಳೇ ಮುತ್ತಾತಂದಿರು.

ನಮ್ಮ ಕಡೆಯ ಲೆಕ್ಕ

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. ಬ್ರಿಟಿಷ್ ದಂಡಿನ ಸಿಪಾಯಿಗಳಿಗೆ ಬಿಯರ್ ಪೂರೈಸುತ್ತಿದ್ದ ದಕ್ಷಿಣದ ಕೆಲವು ಕಾರ್ಖಾನೆಗಳನ್ನು 1915ರಲ್ಲಿ ಥಾಮಸ್ ಲೀಶ್‌ಮನ್ ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ನಮ್ಮಲ್ಲಿ ಬಿಯರು ಮೊದಲಿಂದಲೂ ಕಾರ್ಖಾನೆಯಿಂದಲೇ ಬಂದ ಸರಕು, ಅಜ್ಜಿಯ ಗಡಿಗೆಯಿಂದ ಬಂದದ್ದಲ್ಲ.

ಹಾಗಂತ ಮನೆಬಳಕೆ ಮತ್ತು ಕಾನೂನಿನ ಪ್ರಶ್ನೆ ಈ ದೇಶಕ್ಕೆ ಹೊಸದೂ ಅಲ್ಲ. ಮಧ್ಯಪ್ರದೇಶ, ಛತ್ತೀಸ್‌ಗಢಗಳಲ್ಲಿ ಆದಿವಾಸಿಗಳು ಮನೆಬಳಕೆಗೆ ಹಿಪ್ಪೆ ಹೂವಿನ ಮದ್ಯ ಮಾಡಿಕೊಳ್ಳಲು ಮಿತಿಯೊಳಗೆ ವಿನಾಯಿತಿ ಇದೆ. ಕರ್ನಾಟಕದ ದಾರಿ ಬೇರೆ. 2007ರ ಜುಲೈ 1ರಿಂದ ಇಲ್ಲಿ ಸಾರಾಯಿ ನಿಷೇಧ. ಹಳ್ಳಿಯ ಹೆಂಗಸರು ಬೀದಿಗಿಳಿದು ಕೇಳಿದ್ದ ನಿಷೇಧ ಅದು. ಹಾಗೇ ಕಳ್ಳಬಟ್ಟಿಯ ಸಾವುಗಳನ್ನೂ ಮರೆಯುವಂತಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು ಗಡಿಯಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೀಥೈಲ್ ಆಲ್ಕೋಹಾಲ್, ಕೈಗಾರಿಕೆಗೆ ಬಳಸುವ ವಿಷ. ಕಾಳು ಹುದುಗಿಸಿದ ಬಿಯರಿಗೂ ಅದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಗಂಡನನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಈ ವ್ಯತ್ಯಾಸ ವಿವರಿಸುವ ಧೈರ್ಯ ನಮಗಿಲ್ಲ.

ಈ ಇತಿಹಾಸ ಓದಿ ನಮ್ಮ ಬಳಗದಲ್ಲೇ ಎರಡು ಪಕ್ಷವಾಯಿತು. ಒಂದು ಪಕ್ಷ ಕಾಬೆಟ್ ಕಡೆ: ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಊಟದ ಜೊತೆ ತೆಳುವಾದದ್ದು ಕುಡಿಯುವ ಮನುಷ್ಯ, ಅಂಗಡಿಗೆ ಹೋಗಿ ಸಂಬಳ ಸುರಿದು ಬರುವವನಿಗಿಂತ ಮೇಲು. ಇನ್ನೊಂದು ಪಕ್ಷ 1874ರ ಹೆಂಗಸರ ಕಡೆ: ಮನೆಯಲ್ಲೇ ಹಂಡೆ ಇದ್ದರೆ ಹೊಡೆತವೂ ಮನೆಯಲ್ಲೇ. ಎರಡೂ ಪಕ್ಷ ಒಪ್ಪಿದ ಮಾತು ಒಂದಿದೆ. ಸುಂಕವಾಗಲಿ ನಿಷೇಧವಾಗಲಿ, ಸಣ್ಣವನ ಪಾತ್ರೆಗೆ ಮೊದಲು ತಟ್ಟುತ್ತದೆ, ದೊಡ್ಡವನ ಕಾರ್ಖಾನೆಗೆ ಕೊನೆಗೆ. ಇಂಗ್ಲೆಂಡಿನಲ್ಲಿ ಹಾಗಾಯಿತು, ಅಮೆರಿಕದಲ್ಲಿ ಹಾಗಾಯಿತು. ಬಾಟಲಿ ಮದ್ಯದ ಅಂಗಡಿ ತೆರೆದೇ ಇರುವಾಗ ಬರೀ ಸಾರಾಯಿ ಪ್ಯಾಕೆಟ್ ನಿಂತ ನಮ್ಮೂರುಗಳಲ್ಲಿ ಏನಾಯಿತು ಅಂತ ನಿಮಗೇ ಗೊತ್ತು.

ಆ ಹುಡುಗನಿಗೆ ಕೊನೆಗೆ ಹೀಗೆ ಬರೆದೆವು: "ತಮ್ಮಾ, ಇಲ್ಲಿ ಮೊದಲು ಬೇಕಾದ ಸಾಮಾನು ಲೈಸೆನ್ಸು. ಅದು ಬಕೆಟ್ಟಿನ ಜೊತೆ ಬರೋದಿಲ್ಲ. ಕಲಿಯಲೇಬೇಕು ಅಂತಿದ್ದರೆ ಪರವಾನಗಿ ಇರೋ ಕಡೆ ಕೆಲಸಕ್ಕೆ ಸೇರು. ಹುದುಗೋದನ್ನ ನೋಡಬೇಕು ಅಂತಿದ್ದರೆ ಊರಿಗೆ ಬಂದಾಗ ಅಜ್ಜಿ ಹತ್ತಿರ ಹುಳಿ ಅಂಬಲಿ ಮಾಡೋದು ಕಲಿ." ಅವನು ನಗುವ ಮುಖ ಕಳಿಸಿದ. ಮಾರನೇ ದಿನ ಇನ್ನೊಂದು ಮೆಸೇಜು: "ಅಜ್ಜಿ ಹತ್ರ ಗಡಿಗೆ ಇಲ್ವಂತೆ ಅಣ್ಣಾ, ಒಡೆದು ಹತ್ತು ವರ್ಷ ಆಯ್ತಂತೆ. ಈಗ ಪ್ಲಾಸ್ಟಿಕ್ ಡಬ್ಬಿ."

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಂಬಲಿ, ಮಜ್ಜಿಗೆ, ಉಪ್ಪಿನಕಾಯಿ, ಹಿಟ್ಟು ಹುಳಿ ಬರಿಸಲು ಹಿಂದೆ ಯಾವ ಪಾತ್ರೆ ಇತ್ತು, ಅದರ ಹೆಸರೇನು, ಈಗ ಎಲ್ಲಿದೆ? ಹಿರಿಯರನ್ನು ಕೇಳಿ ಎರಡು ಸಾಲು ಬರೆದು ಕಳಿಸಿ, ಆದರೆ ಫೋಟೊ ಸಹಿತ. ನಮ್ಮ ನಾಲ್ಕನೇ ಪಟ್ಟಿಯನ್ನು ಅದರಿಂದ ಮಾಡೋಣ.